ವಿಮಾನ ಇಂಜಿನ್ ಸಂಶೋಧನೆಗೆ ಕಂಪನಿ ಜೊತೆ ಸೇರಬೇಕಂತೆ, ನಮ್ಮ ಲ್ಯಾಬಿನಲ್ಲಿ ಇರುವುದು ಒಂದು ಗಾಳಿ ಸುರಂಗ

ಮಲ್ಲಿಗೆ ಮೇಡಂ | ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. ಹನ್ನೊಂದು ವರ್ಷವಾಯಿತು. ಹೋದ ವಾರ ಪ್ರಿನ್ಸಿಪಾಲರು ಕರೆದು, "ವಿಮಾನ ಇಂಜಿನ್ ವಿಷಯದಲ್ಲಿ ಯಾವುದಾದರೂ ದೊಡ್ಡ ಕಂಪನಿ ಜೊತೆ ಸೇರಿ ರಿಸರ್ಚ್ ಮಾಡುವ ಹಾಗೆ ಒಂದು ಪ್ರಪೋಸಲ್ ಬರೆದುಕೊಡಿ ಮೇಡಂ, ಎರಡು ವಾರ ಟೈಮಿದೆ" ಎಂದರು. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರು ಬರುವುದಿದೆ. ಆತುರ ಯಾಕೆ ಎಂದು ನನಗೂ ಅರ್ಥವಾಗುತ್ತದೆ.

ನಮ್ಮಲ್ಲಿ ಇರುವುದನ್ನು ಹೇಳಿಬಿಡುತ್ತೇನೆ. ಒಂದಡಿ ಅಗಲದ ಗಾಳಿ ಸುರಂಗ. ಲೋಹವನ್ನು ಎಳೆದು, ಒತ್ತಿ ಬಲ ನೋಡುವ ಒಂದು ಯುಟಿಎಂ ಯಂತ್ರ. ಟ್ಯಾಂಕ್ ಸಮೇತ ಒಂದು ಏರ್ ಕಂಪ್ರೆಸರ್. ಮೂಲೆಯಲ್ಲಿ ಅಡ್ಡ ಕೊಯ್ದು ಬಣ್ಣ ಬಳಿದಿಟ್ಟ ಒಂದು ಹಳೆಯ ಜೆಟ್ ಇಂಜಿನ್, ಹುಡುಗರು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಇಷ್ಟೇ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಕೇಂಬ್ರಿಡ್ಜ್, ಎಂಐಟಿ, ಐಐಟಿ ಎಂದೇ ಬರುತ್ತದೆ. ಅವರ ಮಾದರಿ ನೋಡಿಕೊಂಡು ಎಂಟು ಪುಟ ಬರೆದೆ. ಬೆಳಿಗ್ಗೆ ಎದ್ದು ಓದಿದರೆ ನನಗೇ ನಗು ಬಂತು. ಹೈಪರ್‌ಸಾನಿಕ್ ಅಂತೆ, ಹೈಡ್ರೋಜನ್ ಅಂತೆ. ಯಾರನ್ನು ನಂಬಿಸಲು ಹೊರಟಿದ್ದೇನೆ ನಾನು?

ನಿಜವಾಗಿ ಈ ಕೆಲಸದಲ್ಲಿ ಇದ್ದವರು ಹೇಳಿ. ಇಂಜಿನ್ ಮಾಡುವವರಿಗೆ ಕಾಲೇಜು ಯಾಕೆ ಬೇಕು? ನಮ್ಮಂಥವರು ಏನು ಕೊಡಲು ಸಾಧ್ಯ?

ಬನ್ನೂರು ಟಗರು | ಭಾನುವಾರ, ರಾತ್ರಿ 10:05

ಮೇಡಂ, ನಾನು ಓದಿದ ಕಾಲೇಜಿನಲ್ಲಿ ನಾಲ್ಕು ವರ್ಷದಲ್ಲಿ ಏಳು ಎಂಒಯು ಆದವು. ಏಳಕ್ಕೂ ಬ್ಯಾನರ್ ಕಟ್ಟಿದವನು ನಾನೇ. ಹಾರ, ಶಾಲು, ಫೋಟೋ, ಆಮೇಲೆ ಊಟ. ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಎಂಟನೇ ಸೆಮಿಸ್ಟರ್‌ನಲ್ಲಿ ಆ ಕಂಪನಿಯೊಂದಕ್ಕೆ ಪ್ರಾಜೆಕ್ಟ್ ಕೇಳಿಕೊಂಡು ಹೋದರೆ ಗೇಟಿನಲ್ಲೇ ನಿಲ್ಲಿಸಿದರು. ಒಪ್ಪಂದ ಆಗಿದ್ದೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎಂಟು ಪುಟವನ್ನೇ ಕೊಟ್ಟುಬಿಡಿ. ಯಾರೂ ಓದುವುದಿಲ್ಲ.

ಕುವೆಂಪುನಗರ ತಾತ | ಸೋಮವಾರ, ಬೆಳಿಗ್ಗೆ 6:20

ಟಗರು ಹೇಳಿದ್ದರಲ್ಲಿ ಸತ್ಯ ಇದೆ. ಆದರೂ ಆ ಎಂಟು ಪುಟ ಕೊಡಬೇಡಿ ಮೇಡಂ.

ನಾನು ಬೆಂಗಳೂರಿನಲ್ಲಿ ಮೂವತ್ತು ವರ್ಷ ಇಂಜಿನ್ ಕೆಲಸದಲ್ಲೇ ಇದ್ದವನು. ಕಾಲೇಜುಗಳಿಂದ ಬರುವ ಪ್ರಪೋಸಲ್ ಓದುವುದೂ ನನ್ನ ಕೆಲಸವಾಗಿತ್ತು. ಹತ್ತರಲ್ಲಿ ಒಂಬತ್ತು ಹೀಗೆ ಶುರುವಾಗುತ್ತಿದ್ದವು: "ನಮ್ಮಲ್ಲಿ ಇಂಥ ಯಂತ್ರ ಇದೆ, ದುಡ್ಡು ಕೊಡಿ." ಹತ್ತನೆಯವನು ಬಂದು ಕೇಳುತ್ತಿದ್ದ: "ನಿಮ್ಮ ನಿದ್ದೆ ಕೆಡಿಸುತ್ತಿರುವುದು ಏನು ಸಾರ್?" ದುಡ್ಡು ಅವನಿಗೇ ಹೋಗುತ್ತಿತ್ತು.

ಕಂಪನಿಗೆ ಕಾಲೇಜು ಯಾಕೆ ಬೇಕು ಎಂದು ಕೇಳಿದಿರಿ. ಇಂಜಿನ್ ಮಾಡುವವನಿಗೆ ಪುರುಸೊತ್ತಿಲ್ಲ. ಇಂಜಿನ್ ಕೂರಿಸಿ ಓಡಿಸಿ ನೋಡುವ ಟೆಸ್ಟ್ ಬೆಡ್ ಮೇಲೆ, ಒಳಗೆ ತಿರುಗುವ ಒಂದು ಬ್ಲೇಡ್ ಬಿರುಕು ಬಿಟ್ಟರೆ ದಪ್ಪ ಮಾಡುತ್ತಾನೆ, ಮುಂದೆ ಹೋಗುತ್ತಾನೆ. ಯಾಕೆ ಬಿರುಕು ಬಿಟ್ಟಿತು ಎಂದು ಮೂರು ವರ್ಷ ಕೂತು ನೋಡುವ ಭಾಗ್ಯ ಅವನಿಗಿಲ್ಲ. ಅದು ನಿಮ್ಮ ಪಿಎಚ್‌ಡಿ ಹುಡುಗನಿಗಿದೆ.

ಒಂದು ಕಹಿ ಘಟನೆ ಹೇಳುತ್ತೇನೆ, ಹೆಸರು ಬೇಡ. ಒಂದು ಕಾಲೇಜಿಗೆ ಒಳ್ಳೆಯ ಸಮಸ್ಯೆ ಕೊಟ್ಟಿದ್ದೆವು. ಪರೀಕ್ಷೆ ಮಾಡುವ ರಿಗ್ ಕಟ್ಟಿದರು, ಹುಡುಗ ಚುರುಕಾಗಿದ್ದ, ಮೂರು ವರ್ಷ ಅಳೆದ. ಡಿಗ್ರಿ ಬಂತು, ಅಮೆರಿಕಕ್ಕೆ ಹೋದ. ಪ್ರೊಫೆಸರರಿಗೆ ವರ್ಗ. ಎರಡು ವರ್ಷ ಬಿಟ್ಟು ನಮಗೆ ಆ ಅಂಕಿಗಳು ಬೇಕಾದವು. ಹೋಗಿ ನೋಡಿದರೆ ರಿಗ್ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಬೆಕ್ಕು ಮರಿ ಹಾಕಿತ್ತು. ಕ್ಯಾಲಿಬ್ರೇಷನ್ ಕಾಗದ ಎಲ್ಲಿದೆ ಎಂದು ಒಬ್ಬರಿಗೂ ಗೊತ್ತಿಲ್ಲ. ಮೂರು ವರ್ಷದ ಕೆಲಸ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಆದ್ದರಿಂದ ಪ್ರಶ್ನೆ ಒಂದೇ ಇರಲಿ, ಚಿಕ್ಕದಿರಲಿ, ಹತ್ತು ವರ್ಷ ಅದನ್ನು ಬಿಡಬೇಡಿ. ವಾಕಿಂಗ್‌ಗೆ ಹೊತ್ತಾಯಿತು, ಉಳಿದದ್ದು ಆಮೇಲೆ.

ರಸಬಾಳೆ ನಂಜನಗೂಡು | ಸೋಮವಾರ, ಬೆಳಿಗ್ಗೆ 8:11

ನಾನು ಆರನೇ ಸೆಮ್. ಇದರಿಂದ ಪ್ಲೇಸ್‌ಮೆಂಟ್ ಸಿಗುತ್ತಾ ಯಾರಾದರೂ ಹೇಳಿ ಪ್ಲೀಸ್. ಬೆಕ್ಕಿನ ಮರಿ ಏನಾದವು ಸಾರ್?

ಮಂಡ್ಯ ಟು ಮಿಡ್ಲೆಂಡ್ಸ್ | ಸೋಮವಾರ, ಮಧ್ಯಾಹ್ನ 2:30

ಮೇಡಂ, ನಾನು ಮಂಡ್ಯದಲ್ಲಿ ಬಿಇ ಮುಗಿಸಿ ಈಗ ಇಂಗ್ಲೆಂಡಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇಂಜಿನ್ ಕಂಪನಿಯೊಂದರ ದುಡ್ಡಿನಲ್ಲೇ. ಒಳಗಿನಿಂದ ಹೇಗಿರುತ್ತದೆ ಎಂದು ಹೇಳುತ್ತೇನೆ.

ಈ ಕಡೆ ಎಲ್ಲರೂ ಹೆಸರು ಹೇಳುವುದು ವಿಮಾನ ಇಂಜಿನ್ ಮಾಡುವ ರೋಲ್ಸ್ ರಾಯ್ಸ್‌ನವರ ಯೂನಿವರ್ಸಿಟಿ ಟೆಕ್ನಾಲಜಿ ಸೆಂಟರ್ ಪದ್ಧತಿಯನ್ನು. ಚಿಕ್ಕದಾಗಿ ಯುಟಿಸಿ. 1990ರಲ್ಲಿ ಶುರುವಾಯಿತು. ಮೊದಲ ಎರಡು ಎಲ್ಲಿ ಗೊತ್ತಾ? ಇಂಪೀರಿಯಲ್ ಕಾಲೇಜಿನಲ್ಲಿ ಕಂಪನಕ್ಕೆ ಒಂದು, ಆಕ್ಸ್‌ಫರ್ಡ್‌ನಲ್ಲಿ ಲೋಹದ ಬಲಕ್ಕೆ ಸಂಬಂಧಿಸಿದ್ದು ಇನ್ನೊಂದು. ಒಂದು ವಿಶ್ವವಿದ್ಯಾಲಯಕ್ಕೆ ಒಂದು ವಿಷಯ ಹಂಚಿಬಿಟ್ಟರು. ಇಡೀ ಇಂಜಿನ್ ಯಾರಿಗೂ ಕೊಡಲಿಲ್ಲ. ಮೂವತ್ತು ವರ್ಷ ದಾಟಿದರೂ ಇಂಪೀರಿಯಲ್‌ನವರು ಕಂಪನವನ್ನೇ ನೋಡುತ್ತಿದ್ದಾರೆ. ತಾತ ಹೇಳಿದ "ಹತ್ತು ವರ್ಷ ಬಿಡಬೇಡಿ" ಎನ್ನುವುದು ಇದೇ.

ಕಂಪನ ಯಾಕೆ ಮೊದಲು ಬಂತು ಎಂದರೆ, ತಿರುಗುವ ಬ್ಲೇಡು ಒಂದು ತಂತಿ ಇದ್ದ ಹಾಗೆ. ಅದಕ್ಕೆ ಅದರದೇ ಶ್ರುತಿ ಇದೆ. ಮುಂದಿನ ಸಾಲಿನ ಬ್ಲೇಡುಗಳ ಹಿಂದಿನಿಂದ ಬರುವ ಗಾಳಿ ಅದನ್ನು ತಟ್ಟುತ್ತಾ ಇರುತ್ತದೆ. ತಟ್ಟುವ ವೇಗವೂ ಶ್ರುತಿಯೂ ಒಂದೇ ಆದರೆ ಬ್ಲೇಡು ಬೇಗ ಮುರಿಯುತ್ತದೆ. ಇಂಥದ್ದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬಹುದು. ಆದರೆ ಬ್ಲೇಡಿನ ಬುಡ ಡಿಸ್ಕಿನಲ್ಲಿ ಕೂರುವ ಜಾಗದಲ್ಲಿ ಎಷ್ಟು ಉಜ್ಜುತ್ತದೆ ಎನ್ನುವುದನ್ನು ಅಳೆದೇ ನೋಡಬೇಕು. ನಾನು ಮೂರು ವರ್ಷದಿಂದ ಎರಡು ಲೋಹದ ತುಂಡುಗಳನ್ನು ಉಜ್ಜುತ್ತಾ ಕೂತಿದ್ದೇನೆ. ಅಮ್ಮ ಫೋನಿನಲ್ಲಿ ಕೇಳಿದಾಗ ರಾಕೆಟ್ ಕೆಲಸ ಎನ್ನುತ್ತೇನೆ, ಅದು ಬೇರೆ ವಿಷಯ.

ಪ್ರತಿ ತಿಂಗಳು ಕಂಪನಿಯ ಇಂಜಿನಿಯರ್ ಒಬ್ಬರು ಬಂದು ಪಕ್ಕದಲ್ಲಿ ಕೂರುತ್ತಾರೆ. ಅವರೇ ಬರುತ್ತಾರೆ, ಬೇರೆಯವರನ್ನು ಕಳಿಸುವುದಿಲ್ಲ. ಪೇಪರ್ ಕಳಿಸುವ ಮೊದಲು ಅವರಿಗೆ ತೋರಿಸಬೇಕು. ಕೆಲವು ಅಂಕಿಗಳನ್ನು ತೆಗೆಸುತ್ತಾರೆ. ಗ್ರಾಫಿನ ಅಕ್ಷದಲ್ಲಿ ಸಂಖ್ಯೆಯೇ ಇಲ್ಲದೆ ಪೇಪರ್ ಬರುವುದು ಇದಕ್ಕೇ. ಇನ್ನೊಂದು ಮಾತು. ಟರ್ಬೈನಿನ ಬಿಸಿ ಭಾಗದ ವಿದ್ಯೆಯನ್ನು ಯಾವ ದೇಶವೂ ಸುಲಭವಾಗಿ ಹೊರಗೆ ಬಿಡುವುದಿಲ್ಲ. ಇಂಥದ್ದರ ರಫ್ತಿಗೆ ಕಡಿವಾಣ ಹಾಕಲು ಅಮೆರಿಕದ್ದು ಐಟಾರ್ ಕಾನೂನು, ನಮ್ಮದು ಸ್ಕೊಮೆಟ್ ಪಟ್ಟಿ. ಹಾಗಾಗಿ ಹೊರಗಿನ ಕಂಪನಿ ಜೊತೆ ಅಂಥ ವಿಷಯ ಎತ್ತಿಕೊಂಡರೆ ವಕೀಲರ ಜೊತೆ ಕಾಗದಪತ್ರ ಮಾಡುವುದರಲ್ಲೇ ವರ್ಷ ಕಳೆಯುತ್ತದೆ.

@ರಸಬಾಳೆ: ನೇರವಾಗಿ ಸಿಗುವುದಿಲ್ಲ. ಆದರೆ ಇಂಟರ್‌ವ್ಯೂನಲ್ಲಿ "ಅಳೆದಿದ್ದೇನೆ" ಎನ್ನುವವನು ಬೇರೆಯೇ, "ಸಿಮ್ಯುಲೇಷನ್ ಮಾಡಿದ್ದೇನೆ" ಎನ್ನುವವನು ಬೇರೆಯೇ.

ಬನ್ನೂರು ಟಗರು | ಸೋಮವಾರ, ಸಂಜೆ 6:50

ಅದು ಇಂಗ್ಲೆಂಡ್ ಕಣಪ್ಪ. ಇಲ್ಲಿ ನೋಡು. ತೇಜಸ್ ಯುದ್ಧ ವಿಮಾನಕ್ಕೆಂದು ಡಿಆರ್‌ಡಿಒ ಹೊರಟ, ನಮ್ಮ ನದಿಯ ಹೆಸರಿಟ್ಟ ಕಾವೇರಿ ಇಂಜಿನ್‌ಗೆ 1989ರಲ್ಲಿ ಮಂಜೂರಾತಿ ಸಿಕ್ಕಿತು. ನಾನು ಹುಟ್ಟಿಯೇ ಇರಲಿಲ್ಲ. ತೇಜಸ್ ಹಾರುವುದು ಇವತ್ತಿಗೂ ಅಮೆರಿಕದ ಇಂಜಿನ್ ಮೇಲೆ. ಅಷ್ಟು ದೊಡ್ಡ ಸಂಸ್ಥೆಗೇ ಆಗದ್ದು ಮೇಡಂನ ಒಂದಡಿ ಸುರಂಗಕ್ಕೆ ಆಗುತ್ತದಾ?

ಕುವೆಂಪುನಗರ ತಾತ | ಸೋಮವಾರ, ರಾತ್ರಿ 8:15

ಟಗರು, ಈ ಮಾತು ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಆದರೂ ಕೇಳಬೇಕಾದ ಪ್ರಶ್ನೆಯೇ.

ಕಾವೇರಿ ಅಷ್ಟೇ ನಮ್ಮದಲ್ಲ. ಅದರ ಒಳಗಿನ ಕೋರ್ ಇಂಜಿನ್‌ಗೆ ಇಟ್ಟ ಹೆಸರು ಕಬಿನಿ. ತಿರುಮಕೂಡಲಿನಲ್ಲಿ ಕಬಿನಿ ಬಂದು ಕಾವೇರಿಗೆ ಸೇರುತ್ತದಲ್ವಾ, ಹೆಸರಿಟ್ಟವರು ಯೋಚಿಸಿಯೇ ಇಟ್ಟಿದ್ದಾರೆ. ಬೇಕಾಗಿದ್ದುದು ಆಫ್ಟರ್‌ಬರ್ನರ್ (ಹಿಂಭಾಗದಲ್ಲಿ ಇನ್ನಷ್ಟು ಇಂಧನ ಸುಡುವುದು) ಜೊತೆ 81 ಕಿಲೋನ್ಯೂಟನ್ ನೂಕು ಬಲ. ಸಿಕ್ಕಿದ್ದು 70ರ ಆಸುಪಾಸು. 2008ರಲ್ಲಿ ತೇಜಸ್ಸಿನಿಂದ ಬೇರ್ಪಡಿಸಿದರು. ನಿಲ್ಲಿಸಲಿಲ್ಲ. 2010ರ ನವೆಂಬರಿನಲ್ಲಿ ರಷ್ಯಾದಲ್ಲಿ ಇಲ್ಯೂಷಿನ್ 76 ವಿಮಾನದ ರೆಕ್ಕೆಗೆ ಕಟ್ಟಿ ಹಾರಿಸಿದರು. ಅಲ್ಲಿಗೆ ಯಾಕೆ ಹೋಗಬೇಕಾಯಿತು? ಹಾರುತ್ತಾ ಪರೀಕ್ಷೆ ಮಾಡಲು ಬೇಕಾದ ವಿಮಾನ ನಮ್ಮಲ್ಲಿರಲಿಲ್ಲ. ಎತ್ತರದ ತೆಳು ಗಾಳಿಯಲ್ಲಿ ಅಂಥ ಇಂಜಿನ್ ಓಡಿಸಿ ನೋಡುವ ಕೋಣೆಯೂ ಇರಲಿಲ್ಲ.

ಇನ್ನೊಂದು ಕೊರತೆ ಲೋಹದ್ದು. ಟರ್ಬೈನಿಗೆ ನುಗ್ಗುವ ಗಾಳಿಯ ಬಿಸಿ, ಬ್ಲೇಡಿನ ಲೋಹ ಕರಗುವ ಬಿಸಿಗಿಂತ ಜಾಸ್ತಿ. ಸಾಮಾನ್ಯ ಎರಕದ ಲೋಹ ಬೆಲ್ಲದ ಅಚ್ಚಿನ ಹಾಗೆ, ಸಾವಿರಾರು ಹರಳು ಅಂಟಿಕೊಂಡಿರುತ್ತವೆ. ಕಾದಾಗ ಅಂಟಿದ ಗೆರೆಗಳಲ್ಲೇ ಜಾರುತ್ತದೆ. ಆದ್ದರಿಂದ ಇಡೀ ಬ್ಲೇಡನ್ನು ಕಲ್ಲುಸಕ್ಕರೆಯ ಹಾಗೆ ಒಂದೇ ಹರಳಾಗಿ ಬೆಳೆಸಬೇಕು. ಕಾವೇರಿ ಶುರುವಾದಾಗ ಆ ವಿದ್ಯೆ ನಮ್ಮ ಕೈಯಲ್ಲಿರಲಿಲ್ಲ. 2021ರಲ್ಲಿ ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್‌ನವರು ಹೆಲಿಕಾಪ್ಟರ್ ಇಂಜಿನ್‌ಗೆ ಅಂಥ 60 ಬ್ಲೇಡು ಮಾಡಿ ಎಚ್‌ಎಎಲ್‌ಗೆ ಕೊಟ್ಟರು.

ಹಳೆಯ ಕತೆಯೂ ಇದೆ. 1961ರಲ್ಲಿ ಹಾರಿದ ಮಾರುತ್ ವಿಮಾನ. ಮೈಕಟ್ಟು ಚೆಂದ, ಇಂಜಿನ್ ಸಣ್ಣದು. ಬ್ರಿಟನ್ನಿನ ಆರ್ಫಿಯಸ್ ಬಿಟ್ಟರೆ ಬೇರೆ ಸಿಗಲಿಲ್ಲ. ಮೈಸೂರು ಸಂಸ್ಥಾನ 1940ರಲ್ಲಿ ವಾಲ್‌ಚಂದ್ ಹೀರಾಚಂದರಿಗೆ ಜಾಗ, ದುಡ್ಡು ಕೊಟ್ಟು ಹಿಂದುಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿಸಿತು. ಎರಡೇ ವರ್ಷಕ್ಕೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಭಾಗವೂ ಬಂತು. ಕಾರ್ಖಾನೆ, ಕಾಲೇಜು ಒಟ್ಟಿಗೇ ಬೇಕು ಎಂದು ಅವತ್ತಿನವರಿಗೆ ಹೊಳೆದಿತ್ತು.

ಈಗ ಮತ್ತೆ ಹೊಸ ಅಲೆ ಬಂದಿದೆ. ಮುಂದಿನ ಯುದ್ಧ ವಿಮಾನದ ಇಂಜಿನನ್ನು ಫ್ರಾನ್ಸಿನ ಸಫ್ರಾನ್ ಜೊತೆ ಸೇರಿ ಇಲ್ಲೇ ಮಾಡುತ್ತೇವೆ ಎಂದು 2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವರೇ ಹೇಳಿದ್ದಾರೆ. ಅದಕ್ಕೆ ಬೇಕಾಗುವ ಸಣ್ಣಪುಟ್ಟ ಅಳತೆ ಕೆಲಸ ಎಷ್ಟು ಎಂದು ಟಗರಿಗೆ ಅಂದಾಜಿಲ್ಲ.

ಮದ್ದೂರು ವಡೆ | ಮಂಗಳವಾರ, ಬೆಳಿಗ್ಗೆ 7:45

ಕಲ್ಲುಸಕ್ಕರೆ ಎಂದ ಮೇಲೆ ನಾನು ಬಾಯಿ ಹಾಕಲೇಬೇಕು. ಮಂಡ್ಯ ಜಿಲ್ಲೆಯ ಒಂದು ಡಿಸ್ಟಿಲರಿಯಲ್ಲಿ ಕೆಮಿಸ್ಟ್ ನಾನು.

ಎಲ್ಲರೂ ಬ್ಲೇಡು ಬ್ಲೇಡು ಎನ್ನುತ್ತಿದ್ದೀರಿ, ಇಂಧನದ ಮಾತೇ ಇಲ್ಲ. ಎಥನಾಲ್‌ನಿಂದ ವಿಮಾನದ ಇಂಧನ ಮಾಡಬಹುದು. ನೀರು ತೆಗೆದರೆ ಎಥಿಲೀನ್, ಅದನ್ನು ಸರಪಳಿಯಾಗಿ ಕೂಡಿಸಿ ಹೈಡ್ರೋಜನ್ ಕೊಟ್ಟರೆ ಸೀಮೆಎಣ್ಣೆಯಂಥದ್ದೇ ಬರುತ್ತದೆ. ಈ ದಾರಿಗೆ 2018ರಲ್ಲೇ ಒಪ್ಪಿಗೆ ಸಿಕ್ಕಿದೆ. ಅರ್ಧದಷ್ಟು ತನಕ ಬೆರೆಸಬಹುದು. ನಮ್ಮ ಸರ್ಕಾರ ಹಾಕಿಕೊಂಡ ಗುರಿ ಅಂತರರಾಷ್ಟ್ರೀಯ ವಿಮಾನಗಳಿಗೆ 2027ರಲ್ಲಿ ನೂರಕ್ಕೆ 1, 2028ರಲ್ಲಿ 2. ಅದೇ 2018ರಲ್ಲಿ ಡೆಹ್ರಾಡೂನ್‌ನಿಂದ ದೆಹಲಿಗೆ ಹೋದ ವಿಮಾನ ಜಟ್ರೋಫಾ ಎಣ್ಣೆಯ ಇಂಧನ ಬೆರೆಸಿಕೊಂಡು ಹಾರಿತ್ತು.

ಇದರಲ್ಲಿ ಒಂದು ತಮಾಷೆಯ ಸಮಸ್ಯೆ ಇದೆ. ಹಳೆಯ ಸೀಮೆಎಣ್ಣೆಯಲ್ಲಿ ಆರೊಮ್ಯಾಟಿಕ್ ಅಂಶ ಇರುತ್ತದೆ. ಹೊಗೆ ಕಾರುವುದು ಅದೇ. ಆದರೆ ಇಂಜಿನ್ನಿನ ರಬ್ಬರ್ ಓ-ರಿಂಗ್ ಉಬ್ಬಿ, ಸೋರದ ಹಾಗೆ ಬಿಗಿಯಾಗಿ ಕೂರುವುದೂ ಅದರಿಂದಲೇ. ಹೊಸ ಇಂಧನದಲ್ಲಿ ಅದು ಹೆಚ್ಚುಕಡಿಮೆ ಇಲ್ಲ. ಉಬ್ಬಿ ಅಭ್ಯಾಸವಾದ ರಿಂಗು ಒಣಗಿ ಕುಗ್ಗಿದರೆ ಸೋರುತ್ತದೆ. ಅದಕ್ಕೇ ಬೆರೆಸಿದ ಮೇಲೆ ನೂರಕ್ಕೆ 8 ಭಾಗವಾದರೂ ಆರೊಮ್ಯಾಟಿಕ್ ಇರಲೇಬೇಕು ಎಂದು ನಿಯಮ. ರಿಂಗನ್ನು ಬೇರೆ ಬೇರೆ ಮಿಶ್ರಣದಲ್ಲಿ ನೆನೆಸಿ, ತೂಗಿ, ಅಳೆಯುವುದಕ್ಕೆ ಎಷ್ಟು ಖರ್ಚು? ಮೈಸೂರಿನಲ್ಲಿ ಟೈರ್ ಕಾರ್ಖಾನೆ ಇದೆ, ರಬ್ಬರ್ ಪರೀಕ್ಷೆ ಗೊತ್ತಿರುವವರಿಗೆ ಬರವಿಲ್ಲ.

ಮಲ್ಲಿಗೆ ಮೇಡಂ | ಮಂಗಳವಾರ, ರಾತ್ರಿ 9:10

ನಿಜ ಹೇಳಬೇಕೆಂದರೆ ಓ-ರಿಂಗ್ ಕೇಳಿ ಆಸೆಯಾಯಿತು. ನಮ್ಮ ಕೆಮಿಸ್ಟ್ರಿ ಮೇಷ್ಟ್ರಿಗೆ ಆಗಲೇ ಹೇಳಿದ್ದೇನೆ. ಆದರೆ ನನ್ನದು ಗಾಳಿ, ಒತ್ತಡದ ಕಡೆಯ ಓದು. ಇರುವ ಕಂಪ್ರೆಸರಿನಲ್ಲೇ ಮಾಡಬಹುದಾದದ್ದು ಏನಾದರೂ ಇದೆಯಾ?

ಹೆಬ್ಬಾಳ ಲೇತ್ | ಮಂಗಳವಾರ, ರಾತ್ರಿ 11:30

ನಾನು ಓದಿದವನಲ್ಲ, ಡಿಪ್ಲೊಮಾ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣ ವರ್ಕ್‌ಶಾಪ್ ಇದೆ. ಎರಡು ಸಿಎನ್‌ಸಿ, ಕರೆಂಟಿನ ಕಿಡಿಯಿಂದ ತೂತು ಹೊಡೆಯುವ ಇಡಿಎಂ ಒಂದು. ಜಾಬ್ ವರ್ಕ್ ಮಾಡುತ್ತೇವೆ.

ಒಂದು ವಿಷಯ ಬಹಳ ದಿನದಿಂದ ತಲೆ ತಿನ್ನುತ್ತಿದೆ. ಮಧ್ಯೆ ಎರಡು ಕೈ ದಾಟಿ ನಮಗೆ ಬಿಸಿ ತಡೆಯುವ ಇಂಕೊನೆಲ್ ಲೋಹದ ತಟ್ಟೆಗಳು ಬರುತ್ತವೆ. ಅರ್ಧ ಮಿಲಿಮೀಟರ್ ತೂತು, 30 ಡಿಗ್ರಿ ಓರೆ. ವಿಮಾನ ಇಂಜಿನಿನ ಬ್ಲೇಡಿಗೆ ಟ್ರಯಲ್ ಎನ್ನುತ್ತಾರೆ, ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಪಿನ್ ಗೇಜ್ ಹಾಕಿ ನೋಡಿದರೆ ಎಲ್ಲ ತೂತೂ ಪಾಸ್. ಆದರೂ ಅರ್ಧ ತಟ್ಟೆ "ಫ್ಲೋ ಫೇಲ್" ಎಂದು ಬರೆದು ವಾಪಸ್ ಬರುತ್ತವೆ. ಅಳತೆ ಸರಿ ಇದ್ದ ತೂತಿನಲ್ಲಿ ಗಾಳಿ ಯಾಕೆ ಕಡಿಮೆ ಹೋಗುತ್ತದೆ? ಕಿಡಿ ಹೊಡೆದಾಗ ಒಳಗೆ ಕರಗಿದ ಲೋಹ ಮತ್ತೆ ಪದರ ಕಟ್ಟುತ್ತದೆ. ಅದೋ, ಬಾಯಿಯ ಅಂಚೋ, ತೂತು ಒಳಗೊಳಗೇ ಸೊಟ್ಟಗೆ ಹೋಗಿದೆಯೋ, ಒಂದೂ ಗೊತ್ತಾಗುವುದಿಲ್ಲ. ಕರೆಂಟು, ಎಲೆಕ್ಟ್ರೋಡು ಬದಲಿಸಿ ಬದಲಿಸಿ ಸಾಕಾಗಿದೆ. ರಿಜೆಕ್ಟ್ ಆದ ತಟ್ಟೆಯ ದುಡ್ಡು ನಮ್ಮ ತಲೆ ಮೇಲೆ.

ಇದೂ ರಿಸರ್ಚಾ, ಅಥವಾ ಸುಮ್ನೆ ನನ್ನ ಕಷ್ಟವಾ?

ಮಂಡ್ಯ ಟು ಮಿಡ್ಲೆಂಡ್ಸ್ | ಬುಧವಾರ, ಮಧ್ಯಾಹ್ನ 1:05

ಲೇತ್ ಅಣ್ಣ, ಮೇಡಂ ಹುಡುಕುತ್ತಿದ್ದ ಪ್ರಶ್ನೆಯನ್ನೇ ನೀವು ಕೇಳಿದ್ದೀರಿ!

ಆ ತೂತುಗಳಿಂದ ಬರುವ ತಣ್ಣನೆ ಗಾಳಿ ಬ್ಲೇಡಿನ ಮೇಲೆ ಕಂಬಳಿಯ ಹಾಗೆ ಹರಡುತ್ತದೆ. ಬೆಂಕಿಗೂ ಲೋಹಕ್ಕೂ ನಡುವೆ ಇರುವುದು ಅದೊಂದೇ ಕಂಬಳಿ. ಕಂಪ್ರೆಸರ್ ಕಷ್ಟಪಟ್ಟು ಒತ್ತಿದ ಗಾಳಿಯಲ್ಲಿ ಐದನೇ ಒಂದು ಪಾಲಿನವರೆಗೂ ಈ ತಂಪಿಗೇ ಹೋಗುತ್ತದೆ. ತೂತು ಕೊಂಚ ದೊಡ್ಡದಾದರೆ ಗಾಳಿ ದಂಡ, ಚಿಕ್ಕದಾದರೆ ಬ್ಲೇಡೇ ದಂಡ. ಅರ್ಧ ಮಿಲಿಮೀಟರ್ ತೂತು 0.025 ಮಿಲಿಮೀಟರ್ ದೊಡ್ಡದಾದರೆ ಸಾಕು, ಗಾಳಿ ಹತ್ತರಲ್ಲಿ ಒಂದು ಪಾಲು ಜಾಸ್ತಿ. ಅದು ಕೂದಲಿನ ದಪ್ಪದ ಮೂರನೇ ಒಂದು ಭಾಗ.

ಮೇಡಂ, ಒಂದು ಡಬ್ಬಿ, ಮೇಲೆ ಅಣ್ಣನ ತಟ್ಟೆ, ಒಳಗೆ ಒತ್ತಡದ ಗಾಳಿ. ಹೋಗಬೇಕಾದ ಗಾಳಿ ಎಷ್ಟು, ಹೋಗಿದ್ದು ಎಷ್ಟು, ಭಾಗಿಸಿ. ಅಷ್ಟೇ ರಿಗ್. ಇಪ್ಪತ್ತು ತೂತಿಗೆ ಒತ್ತಡ ಎರಡು ಪಟ್ಟು ಇಟ್ಟರೂ ನಿಮಿಷಕ್ಕೆ 60–70 ಲೀಟರ್ ಗಾಳಿ ಸಾಕು. ಪಂಚರ್ ಅಂಗಡಿಯ ಕಂಪ್ರೆಸರ್ ಕೊಡುತ್ತದೆ. ಎರಡನೇ ಹಂತಕ್ಕೆ ಅದೇ ತೂತನ್ನು ಹತ್ತು ಪಟ್ಟು ದೊಡ್ಡದಾಗಿ ಅಕ್ರಿಲಿಕ್‌ನಲ್ಲಿ ಮಾಡಿ ನಿಮ್ಮ ಒಂದಡಿ ಸುರಂಗದಲ್ಲಿ ಕೂರಿಸಿ, ರೆನಾಲ್ಡ್ಸ್ ಸಂಖ್ಯೆ (ದೊಡ್ಡ ಮಾದರಿಯಲ್ಲೂ ಗಾಳಿ ಅದೇ ರೀತಿ ಹರಿಯುತ್ತದೆಯೇ ಎಂದು ಹೇಳುವ ಅಂಕಿ) ಹೊಂದಿಸಿಕೊಂಡರೆ ಆಯಿತು. ತಣ್ಣನೆ ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ಬಿಡಿ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ಇಂಜಿನ್ ಒಳಗಿನ ತಣ್ಣನೆ ಗಾಳಿಯ ಭಾರಕ್ಕೆ ಹತ್ತಿರ ಬರುತ್ತದೆ. ಇಲ್ಲಿನ ಲ್ಯಾಬುಗಳಲ್ಲೂ ಹೀಗೇ ಮಾಡುತ್ತಾರೆ.

ಅಣ್ಣ, ಡಿಪ್ಲೊಮಾ ಎಂದು ಹಿಂದೆ ಸರಿಯಬೇಡಿ. ಮೊಟ್ಟಮೊದಲ ಜೆಟ್ ವಿಮಾನ ಹಾರಿದ್ದು 1939ರ ಆಗಸ್ಟ್ 27ರಂದು, ಜರ್ಮನಿಯಲ್ಲಿ. ಇಂಜಿನ್ ಯೋಚಿಸಿದ ಹಾನ್ಸ್ ಫಾನ್ ಓಹೈನ್ ಗೊಟ್ಟಿಂಗನ್ ವಿಶ್ವವಿದ್ಯಾಲಯದ ಭೌತಶಾಸ್ತ್ರದವನು. ಮೊದಲ ಮಾದರಿ ಮಾಡಿಕೊಟ್ಟವನು ಅವನ ಕಾರು ರಿಪೇರಿ ಮಾಡುತ್ತಿದ್ದ ಗ್ಯಾರೇಜಿನ ಮೆಕ್ಯಾನಿಕ್, ಮ್ಯಾಕ್ಸ್ ಹಾನ್. ಅದು ಸರಿಯಾಗಿ ಓಡಲಿಲ್ಲ, ಬೆಂಕಿ ಹೊರಗೇ ಉಗುಳಿತು. ಆದರೂ ಪ್ರೊಫೆಸರ್ ಪೋಲ್ ನಂಬಿ, ಹೈಂಕಲ್ ಎಂಬ ವಿಮಾನ ತಯಾರಕನಿಗೆ ಕಾಗದ ಬರೆದುಕೊಟ್ಟರು. ಮೆಕ್ಯಾನಿಕ್ಕೂ ಜೊತೆಗೇ ಕೆಲಸಕ್ಕೆ ಹೋದ.

ಹೆಬ್ಬಾಳ ಲೇತ್ | ಬುಧವಾರ, ಮಧ್ಯಾಹ್ನ 1:40

ಅವನ ಓವರ್‌ಟೈಮ್ ಯಾರು ಕೊಟ್ಟರಂತೆ?

ಕುವೆಂಪುನಗರ ತಾತ | ಬುಧವಾರ, ಸಂಜೆ 5:30

ಇದನ್ನೇ ಹಿಡಿಯಿರಿ ಮೇಡಂ. ಮೂರು ಮಾತು, ಮುದುಕನ ಕಿರಿಕಿರಿ ಎಂದುಕೊಳ್ಳಿ. ನಿಮ್ಮ ಕಂಪ್ರೆಸರಿನ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಇರುತ್ತವೆ. ಜುಲೈ ತಿಂಗಳ ಮೈಸೂರಿನಲ್ಲಂತೂ ಕೇಳಲೇಬೇಡಿ. ಡ್ರೈಯರ್, ಫಿಲ್ಟರ್ ಇಲ್ಲದೆ ಒಂದು ರೀಡಿಂಗೂ ತೆಗೆಯಬೇಡಿ, ಅರ್ಧ ಮಿಲಿಮೀಟರ್ ತೂತಿಗೆ ಒಂದು ಹನಿ ಸಾಕು. ಎರಡು, ಮೊದಲು ತೂತೇ ಇಲ್ಲದ ತಟ್ಟೆ ಕೂರಿಸಿ ಡಬ್ಬಿ ಎಷ್ಟು ಸೋರುತ್ತದೆ ನೋಡಿ. ಹುಡುಗರು ಇದನ್ನು ಯಾವಾಗಲೂ ಮರೆಯುತ್ತಾರೆ. ಮೂರು, ಒಂದು ತಟ್ಟೆಯನ್ನು ಯಾರೂ ಮುಟ್ಟದ ಹಾಗೆ ಬೀಗ ಹಾಕಿಡಿ. ಪ್ರತಿ ಸೋಮವಾರ ಅದನ್ನೇ ಅಳೆಯಿರಿ. ಅಂಕಿ ಬದಲಾದರೆ ತಪ್ಪು ರಿಗ್ಗಿನದು.

ದುಡ್ಡಿಗೆ ಡಿಆರ್‌ಡಿಒ ಕೆಳಗಿನ ಏರೋನಾಟಿಕ್ಸ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಬೋರ್ಡ್ ನೋಡಿ. 1971ರಿಂದ ಕಾಲೇಜುಗಳಿಗೆ ಅನುದಾನ ಕೊಡುವುದೇ ಅದರ ಕೆಲಸ. ಆದರೆ ಆರು ತಿಂಗಳ ಅಂಕಿ ಕೈಯಲ್ಲಿ ಹಿಡಿದುಕೊಂಡು ಹೋಗಿ. ಬರಿಗೈಯಲ್ಲಿ ಹೋಗಬೇಡಿ.

@ರಸಬಾಳೆ, ಬೆಕ್ಕಿನ ಮರಿಗಳಲ್ಲಿ ಒಂದನ್ನು ಅಲ್ಲಿನ ಲ್ಯಾಬ್ ಅಟೆಂಡರ್ ಸಾಕಿಕೊಂಡರು.

ಬನ್ನೂರು ಟಗರು | ಬುಧವಾರ, ರಾತ್ರಿ 9:20

ಆಯಿತಪ್ಪ, ಸೋತೆ. ಬ್ಯಾನರ್ ಕಟ್ಟಲು ಜನ ಬೇಕಾದರೆ ಹೇಳಿ, ಅನುಭವ ಇದೆ. ಆದರೆ ಪ್ರಿನ್ಸಿಪಾಲರು "ದೊಡ್ಡ ಕಂಪನಿ" ಎಂದಿದ್ದಾರಲ್ವಾ ಮೇಡಂ? ಹೆಬ್ಬಾಳದ ಶೆಡ್ ತೋರಿಸಿದರೆ ಒಪ್ಪುತ್ತಾರಾ?

ಮಲ್ಲಿಗೆ ಮೇಡಂ | ಗುರುವಾರ, ರಾತ್ರಿ 10:15

ಒಪ್ಪಲಿಲ್ಲ. ಮೊದಲಿಗೆ.

ಎಂಟು ಪುಟ ಹರಿದು ಒಂದೂವರೆ ಪುಟ ಮಾಡಿಕೊಂಡು ಹೋಗಿದ್ದೆ. ಓದಿ, "ಇದರಲ್ಲಿ ಹೈಡ್ರೋಜನ್ ಎಲ್ಲಿದೆ ಮೇಡಂ?" ಎಂದರು. ಇಲ್ಲ ಸಾರ್ ಎಂದೆ. "ವಿದೇಶಿ ಕಂಪನಿ?" ಅದೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಲೇತ್ ಅವರು ವಾಟ್ಸಾಪಿನಲ್ಲಿ ಕಳಿಸಿದ್ದ ರಿಜೆಕ್ಟ್ ತಟ್ಟೆಯ ಫೋಟೋ ತೋರಿಸಿದೆ. "ಇದು ವಿಮಾನದ್ದಾ?" ಎಂದು ಕನ್ನಡಕ ತೆಗೆದು ನೋಡಿದರು. ಅವರೂ ಮೊದಲು ಪ್ರೊಡಕ್ಷನ್ ಇಂಜಿನಿಯರಿಂಗ್ ಮೇಷ್ಟ್ರು. ಹತ್ತು ನಿಮಿಷ ಇಡಿಎಂ ಬಗ್ಗೆ ಅವರೇ ಮಾತಾಡಿದರು. ಡ್ರೈಯರಿಗೂ ಫ್ಲೋ ಮೀಟರಿಗೂ ಕಾಲೇಜಿನಿಂದಲೇ ದುಡ್ಡು ಕೊಡುತ್ತಾರಂತೆ. ನ್ಯಾಕ್ ಫೈಲಿಗೆ ಮಾತ್ರ ಒಂದು ಫೋಟೋ ಬೇಕೇ ಬೇಕಂತೆ. ಟಗರು, ನಿಮ್ಮ ಫೋನ್ ಬರಬಹುದು.

ಇಬ್ಬರು ಆರನೇ ಸೆಮ್ ಹುಡುಗಿಯರು ಸೇರಿಕೊಂಡಿದ್ದಾರೆ. ಲೇತ್ ಅವರೇ, ಶನಿವಾರ ಅವರನ್ನು ಕರೆದುಕೊಂಡು ಬರಲೇ? ತಟ್ಟೆಯ ಡ್ರಾಯಿಂಗ್ ಈಗಲೇ ಕಳಿಸಿದ್ದೇನೆ.

ಹೆಬ್ಬಾಳ ಲೇತ್ | ಗುರುವಾರ, ರಾತ್ರಿ 11:50

ಬನ್ನಿ ಮೇಡಂ. ಹನ್ನೊಂದರ ಮೇಲೆ ಬನ್ನಿ, ಬೆಳಿಗ್ಗೆ ಕರೆಂಟ್ ತೆಗೆಯುತ್ತಾರಂತೆ. ಚಪ್ಪಲಿ ಬೇಡ, ಹುಡುಗಿಯರಿಗೆ ಶೂ ಹಾಕಿಕೊಂಡು ಬರಲು ಹೇಳಿ.

ಡ್ರಾಯಿಂಗ್ ನೋಡಿದೆ. ತೂತಿಗೆ ಟಾಲರೆನ್ಸ್ ಹಾಕಿಲ್ಲ. 30 ಡಿಗ್ರಿ ಯಾವ ಮುಖದಿಂದ ಎಂದೂ ಬರೆದಿಲ್ಲ. ಅದನ್ನು ಹಾಕಿಕೊಂಡೇ ಬನ್ನಿ, ಇಲ್ಲದಿದ್ದರೆ ನಮ್ಮ ಹುಡುಗ ಮೆಷಿನ್ ಮುಟ್ಟುವುದಿಲ್ಲ.